ಜಾತಕದ ಗಂಟಿನ ಸುಬ್ರಾಯ ಮಾಮ

ಸುಬ್ರಾಯ ಮಾಮ ಹತ್ತು ವರ್ಷ ಜಾತಕದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೊನ್ನಾವರ, ಕುಮಟಾ, ಭಟ್ಕಳ ಎಂದು ತಿರುಗಿದರು. ಒಂದೇ ಒಂದು ಮದುವೆ ಮಾಡಿಸಲಿಲ್ಲ. ಮಾಡಿಸುವುದಾದರೂ ಹೇಗೆ? ಆ ಕೆಂಪು ವಸ್ತ್ರದ ಗಂಟಿನಲ್ಲಿದ್ದ ಜಾತಕಗಳಲ್ಲಿ ಅರ್ಧ, ಆಗಲೇ ಮೊಮ್ಮಕ್ಕಳನ್ನು ಕಂಡವರವು. ಇನ್ನು ಕೆಲವರು ಭೂಮಿಯ ಮೇಲೇ ಇರಲಿಲ್ಲ. ಹೊನ್ನಾವರದ ಪೇಟೆಯಲ್ಲಿ ಅವರು ಹಾದುಹೋದರೆ ಅಂಗಡಿಯ ಜನ ಸುಮ್ಮನೆ ಬಿಡುತ್ತಿರಲಿಲ್ಲ. "ಎಂತ ಮಾಮ, ಇವತ್ತು ಯಾವ ಬಡಪಾಯಿ ಹುಡುಗನ್ನ ಹಿಡಿಯೂಕೆ ಹೊರಟದ್ದು?" ಎಂದು ಕೇಳುವರು. ಮಾಮ ನಿಂತು, ಛತ್ರಿ ಮಡಚಿ, "ನಿನ್ನ ಜಾತಕ ಕೊಡು, ನಾಳೆಗೇ ಹೆಣ್ಣು ತತ್ತೆ" ಎನ್ನುವರು. ಅಂಗಡಿಯವನಿಗೆ ನಾಲ್ಕು ಮಕ್ಕಳು. ಎಲ್ಲರೂ ನಗುವರು, ಮಾಮನೂ ನಗುವರು.

ಆ ಗಂಟಿನ ಗುಟ್ಟು ನನಗೆ ತಿಳಿದದ್ದು ತೀರ ತಡವಾಗಿ. ಓದುವವರನ್ನು ಕಾಯಿಸುವುದರಲ್ಲಿ ಅರ್ಥವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಜಾತಕಗಳ ನಡುವೆ ಕ್ಷಯರೋಗದ ಔಷಧಿಯ ಬಾಟಲಿಗಳು, ಗುಳಿಗೆಯ ಪೊಟ್ಟಣಗಳು, ಒಂದು ತಗಡಿನ ಡಬ್ಬಿಯಲ್ಲಿ ಇಂಜೆಕ್ಷನ್ ಕೊಡುವ ಪಿಚಕಾರಿ ಮತ್ತು ಸೂಜಿ ಇರುತ್ತಿದ್ದವು.

ಮಾಮ ಮೊದಲು ಶರಾವತಿಯ ಲಾಂಚಿನಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದವರು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಕಾಯಿಲೆಯವರನ್ನು ಕುಮಟೆಗೆ ಒಯ್ಯಬೇಕೆಂದರೆ ಲಾಂಚು ಹತ್ತಲೇಬೇಕು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದವರು, ಬಾಯಿಗೆ ಸೆರಗು ಒತ್ತಿಕೊಂಡವರು, ಎಲ್ಲರೂ ಅವರ ಕಣ್ಣೆದುರೇ ದಾಟಿ ಹೋಗುತ್ತಿದ್ದರು. "ಮೂರು ಜನ ಹೋಗಿ ಇಬ್ರೇ ವಾಪಸು ಬರ್ತಿದ್ರು ಮಾರಾಯ. ನಾನು ಚೀಟಿ ಹರೀತಾ ಕೂತ್ಕಂಡೇ ಇದ್ದೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ನಿವೃತ್ತರಾದ ಮೇಲೆ ಅವರು ಕುಮಟೆಯ ಒಂದು ಸಮಿತಿಗೆ ಸೇರಿಕೊಂಡರು. ಒಬ್ಬ ಡಾಕ್ಟರು, ಒಬ್ಬ ಬಟ್ಟೆ ವ್ಯಾಪಾರಿ, ಇನ್ನೂ ನಾಲ್ಕಾರು ಜನ ಸೇರಿ ಕಟ್ಟಿಕೊಂಡದ್ದು. ಮುಂಬಯಿಯಲ್ಲಿದ್ದ ಪರಿಚಯದವರಿಂದ ಔಷಧಿ ತರಿಸಿ ಬಡವರ ಮನೆಗೆ ಮುಟ್ಟಿಸುವುದು, ದುಡಿಯುವವನೇ ಮಲಗಿದ್ದರೆ ಆ ಮನೆಗೆ ಅಕ್ಕಿ ಕಳಿಸುವುದು, ಇವು ಅದರ ಕೆಲಸ. ಹಲಗೆ ಇಲ್ಲ, ಹೆಸರಿಲ್ಲ. ಬರೀ 'ಸಮಿತಿ'.

ಹೆಸರಿಡದಿರಲು ಕಾರಣವಿತ್ತು. ಕ್ಷಯ ಇರುವ ಮನೆ ಎಂದು ಗೊತ್ತಾದರೆ ಮುಗಿಯಿತು, ಆ ಮನೆಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಆ ಮನೆಯ ಹೆಣ್ಣನ್ನು ಯಾರೂ ತರುತ್ತಿರಲಿಲ್ಲ. ಸಾಯುವುದಾದರೆ ಮರ್ಯಾದೆಯಿಂದ ಸಾಯಲಿ ಎಂದು ಔಷಧಿ ತಂದವರ ಮುಖಕ್ಕೇ ಬಾಗಿಲು ಹಾಕಿಕೊಂಡ ಮನೆಗಳಿದ್ದವು. ಅದಕ್ಕಾಗಿ ಸಮಿತಿಯವರು ಒಬ್ಬೊಬ್ಬರೂ ಒಂದೊಂದು ವೇಷ ಹಾಕಿದರು. ಭಟ್ಕಳದ ಕೇರಿಗಳಿಗೆ ಅತ್ತರು ಮಾರುವ ಸಾಹೇಬರೊಬ್ಬರು ಹೋಗುತ್ತಿದ್ದರು. ನಮ್ಮ ಜಾತಿಯ ಮನೆಗಳು ಸುಬ್ರಾಯ ಮಾಮನ ಪಾಲಿಗೆ ಬಂದವು. ಜಾತಕ ಹಿಡಿದು ಬಂದವನನ್ನು ನೋಡಿ ನೆರೆಮನೆಯವರು, ಇಲ್ಲಿ ಮದುವೆ ಮಾತು ನಡೆದಿದೆ ಎಂದುಕೊಳ್ಳುವರೇ ಹೊರತು ರೋಗದ ಯೋಚನೆ ಯಾರಿಗೂ ಹೊಳೆಯುತ್ತಿರಲಿಲ್ಲ. ಡಾಕ್ಟರಿಂದ ಸೂಜಿ ಹಾಕುವುದನ್ನೂ ಮಾಮ ಕಲಿತರು. ಹೋದ ಮನೆಯಲ್ಲಿ ಮೊದಲು ಕೂತು ಒಂದು ಲೋಟ ನೀರು ಕೇಳುವರು, ಪೂರ್ತಿ ಕುಡಿಯುವರು, ಆಮೇಲೆ ಗಂಟು ಬಿಚ್ಚುವರು. ಆ ನೀರು ಕೊಡುವಾಗಲೇ ಎಷ್ಟೋ ಹೆಂಗಸರು ಅತ್ತುಬಿಡುತ್ತಿದ್ದರಂತೆ.

ನಮಗೆ ಇದೊಂದೂ ಗೊತ್ತಿರಲಿಲ್ಲ. ನಾನಾಗ ಭಟ್ಕಳದ ಹತ್ತಿರ ಹೆಬಳೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಹೊನ್ನಾವರದಲ್ಲಿ ಅಪ್ಪನದು ಪಾತ್ರೆ ಅಂಗಡಿ. ನನ್ನ ದೊಡ್ಡ ತಂಗಿ ಸರೋಜೆಗೆ ಕುಮಟೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ರಾಮಚಂದ್ರ, ಕಾರಕೂನನ ಕೆಲಸ, ಒಳ್ಳೆಯ ಮಾತು, ಸ್ವಲ್ಪ ಸಪೂರ ಆಳು. ಸುಬ್ರಾಯ ಮಾಮ ಆ ಮನೆಗೆ ಹೋಗಿ ಬರುವುದನ್ನು ಯಾರೋ ಕಂಡಿದ್ದರು. ಅಪ್ಪ ನನ್ನನ್ನೂ ಕರೆದುಕೊಂಡು, ಮನೆಯ ವಿಚಾರ ಕೇಳಲು ಮಾಮನಲ್ಲಿಗೆ ಹೋದರು.

ರಾಮಚಂದ್ರನ ಹೆಸರು ಕೇಳಿದ್ದೇ ಮಾಮನ ಮುಖದ ನಗು ಹೋಯಿತು. ಎಲೆ ಅಡಿಕೆಯ ಕವಳದ ತಟ್ಟೆಯನ್ನು ನಮ್ಮತ್ತ ದೂಡಿ, ಮತ್ತೆ ತಮ್ಮತ್ತ ಎಳೆದುಕೊಂಡರು. "ಜಾತಕ ಕೂಡೂದಿಲ್ಲ" ಎಂದರು.

"ನಮ್ಮ ಭಟ್ರು ಲಾಯ್ಕಾಗಿ ಕೂಡ್ತದೆ ಅಂದ್ರಲ್ಲ?" ಎಂದರು ಅಪ್ಪ.

"ಭಟ್ರು ಹೇಳಿರ್ಲಿ. ಇದೊಂದು ಬ್ಯಾಡ, ಗಣಪಯ್ಯ. ಬೇರೆ ಎಲ್ಲಾದ್ರೂ ನೋಡು."

"ಎಂತಕೆ ಅಂತ ಹೇಳ್ಬೇಕಲ್ಲ?"

ಮಾಮ ಅಂಗಳದ ಕಡೆ ನೋಡುತ್ತ, "ಬ್ಯಾಡ ಅಂದ್ನಲ್ಲ" ಎಂದರು. ಕವಳ ಕೊಡುವುದನ್ನೂ ಮರೆತು ಎದ್ದು ನಿಂತರು. ಮುದುಕರಾದರು ಎಂದುಕೊಂಡೆ.

ದಾರಿಯಲ್ಲಿ ಅಪ್ಪ ಸಿಡಿಮಿಡಿ. "ತಾನು ತಂದ ಸಂಬಂಧ ಅಲ್ಲ ಅಂತ ಹೊಟ್ಟೆಕಿಚ್ಚು. ಒಂದು ಮದ್ವೆ ಮಾಡ್ಸೂಕೆ ಆಗ್ಲಿಲ್ಲ, ಆಗೋ ಮದ್ವೆಗೆ ಅಡ್ಡಗಾಲು" ಎಂದರು. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಈ ಮಾತನ್ನು ಉಪ್ಪು ಖಾರ ಹಚ್ಚಿ ಸರೋಜೆಗೂ ಹೇಳಿದೆ. ಅವಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಗಂಡು ಅವಳಿಗೆ ಒಪ್ಪಿಗೆಯಾಗಿದ್ದ.

ಆ ವೈಶಾಖದಲ್ಲಿ ಮದುವೆಯಾಯಿತು. ಮಾಮ ಬರಲಿಲ್ಲ. ಎರಡನೆಯ ಮಳೆಗಾಲಕ್ಕೆ ರಾಮಚಂದ್ರ ರಕ್ತ ಕಾರಿದ, ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟ. ನಮಗೆ ಹೇಳಿದ್ದು ವಿಷಮಜ್ವರ ಎಂದು. ಸರೋಜೆ ಅತ್ತೆಮನೆಯಲ್ಲೇ ಉಳಿದಳು. ಒಂದು ಭಾನುವಾರ ಬೆಳಿಗ್ಗೆ ನಾನು ಹೇಳದೆ ಕೇಳದೆ ಕುಮಟೆಗೆ ಹೋದೆ. ಅಡುಗೆಮನೆಯಲ್ಲಿ ಸುಬ್ರಾಯ ಮಾಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೂಜಿ ಕುದಿಸುತ್ತಿದ್ದರು. ಜಾತಕಗಳು ನೆಲದ ಮೇಲೆ ಹರಡಿದ್ದವು. ಸರೋಜೆ ಗೋಡೆಗೆ ಒರಗಿ, ತೋಳು ಬಿಟ್ಟುಕೊಂಡು ಕಾಯುತ್ತಿದ್ದಳು. ತಂಗಿಯ ತೋಳು ಅಷ್ಟು ತೆಳ್ಳಗಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸೂಜಿ ಹಾಕಿ ಮುಗಿಯುವವರೆಗೆ ಹೊಸಿಲಲ್ಲೇ ನಿಂತಿದ್ದೆ. ಆಮೇಲೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಬೈದೆ. "ಗೊತ್ತಿತ್ತು ನಿಮಗೆ. ಆವತ್ತೇ ಗೊತ್ತಿತ್ತು!"

"ಗೊತ್ತಿತ್ತು" ಎಂದರು. "ಸೂಜಿ ಪೂರ್ತಿ ಹಾಕ್ಸ್ಕಳ್ಳೋ ಅಂತ ಕಾಲು ಹಿಡಿದಿದ್ದೆ ಅವಂದು. ನಾಕು ತಿಂಗ್ಳಿಗೇ ಗುಣ ಆತು ಅಂದ. ಒಂದು ವರ್ಷ ತಡೀರಿ ಅಂತ ಅವನ ತಾಯಿಗೂ ಹೇಳ್ದೆ. ಕೇಳ್ಲಿಲ್ಲ."

"ನಮ್ಮ ಹತ್ರ ಒಂದು ಮಾತು ಹೇಳೂಕೆ ಎಂತ ಆಗಿತ್ತು?"

ಮಾಮ ಬಾವಿಕಟ್ಟೆಯ ಮೇಲೆ ಕೂತರು. "ಹೇಳಿದ್ರೆ ನಿನ್ನಪ್ಪ ಮದ್ವೆ ಬಿಡ್ತಿದ್ದ. ಎಂತಕೆ ಬಿಟ್ಟೆ ಅಂದವರಿಗೆ ಕಾರಣ ಹೇಳ್ತಿದ್ದ. ಆ ವಾರವೇ ನಾನು ಹೋಗೋ ಮನೆಯೆಲ್ಲ ಬಾಗ್ಲು ಹಾಕ್ಕಳ್ತಿತ್ತು. ಆ ಮನೆಗಳಲ್ಲಿ ಮಲಗಿದವರೂ ಯಾರದ್ದೋ ತಂಗಿಯೇ ಅಲ್ದಾ? ನಾ ಎಂತ ಮಾಡ್ಬೇಕಿತ್ತು, ನೀನೇ ಹೇಳು. ನೀ ಮಾಸ್ತರ, ಓದಿದವ."

ನಾನು ಒಳಗೆ ಹೋಗಿ ಸರೋಜೆಯ ಸೀರೆಗಳನ್ನು ಗಂಟು ಕಟ್ಟತೊಡಗಿದೆ.

ಸರೋಜೆಯನ್ನು ಹೊನ್ನಾವರಕ್ಕೆ ಕರೆತಂದೆವು. ಮಾಮ ನಮ್ಮ ಮನೆಗೆ ಬರತೊಡಗಿದರು. ಅವರನ್ನು ಹೊಟ್ಟೆಕಿಚ್ಚಿನವ ಎಂದಿದ್ದ ಅಪ್ಪನೇ ಚಾಪೆ ಹಾಸಿ, ನೀರು ತಂದಿಟ್ಟು, ಬಾಗಿಲಲ್ಲಿ ನಿಲ್ಲುತ್ತಿದ್ದರು. ನನ್ನ ಚಿಕ್ಕ ತಂಗಿ ಶಾರದೆಗೆ ಗಂಡು ನೋಡುತ್ತಿದ್ದಾರೆ ಎಂದು ಕೇರಿಯಲ್ಲಿ ಮಾತಾಯಿತು. ಅಮ್ಮ ಹೌದೆಂದಳು. ಮೊದಲ ದಿನ ಮಾಮ ಹೊರಡುವಾಗ ನಾನು ಬೇಲಿಯ ದಣಪೆಯವರೆಗೆ ಹಿಂದೆಯೇ ಹೋದೆ. ಅವರನ್ನು ಹಿತ್ತಲಲ್ಲಿ ನಿಲ್ಲಿಸಿ ಬೈದು ಇನ್ನೂ ತಿಂಗಳಾಗಿರಲಿಲ್ಲ. "ಮಾಮ, ಎಲ್ಲೂ ಬಾಯಿಬಿಡ್ಬೇಡಿ. ಶಾರದೆಯದೊಂದು ಮದ್ವೆ ಉಳಿದದೆ" ಎಂದೆ. ಅವರು ನನ್ನ ಮುಖ ನೋಡಿ, "ಆತು" ಎಂದರು. ಅಷ್ಟೇ.

ತಡವಾಗಿತ್ತು. ಎಂಟು ತಿಂಗಳು ಎಳೆದಾಡಿ ಸರೋಜೆ ತೀರಿಕೊಂಡಳು. ಮಾಮ ಹೆಗಲು ಕೊಟ್ಟರು. ಹದಿಮೂರು ದಿನ ಕಳೆದ ಮೇಲೆ ಬಂದು, "ಮನೆಯವರೆಲ್ಲ ಎದೆಯ ಎಕ್ಸ್‌ರೇ ಫೋಟೋ ತೆಗೆಸಿ. ಮುಖ್ಯವಾಗಿ ಶಾರದೆ. ಅಕ್ಕನ ಮಗ್ಗುಲಲ್ಲೇ ಮಲಗ್ತಿದ್ದ ಹುಡ್ಗಿ" ಎಂದು ಹೇಳಿಹೋದರು.

ಕುಮಟೆಯ ಆಸ್ಪತ್ರೆಯ ಸಾಲಿನಲ್ಲಿ ಶಾರದೆಯನ್ನು ನಿಲ್ಲಿಸಿದರೆ ಯಾರ ಕಣ್ಣಿಗಾದರೂ ಬೀಳದೆ ಇರುತ್ತದೆಯೇ? ಅಪ್ಪ ಬೇಡವೆಂದರು. ನಾನೂ ಹಟ ಹಿಡಿಯಲಿಲ್ಲ. ಮರು ವರ್ಷ ಭಟ್ಕಳದಿಂದ ಒಂದು ಸಂಬಂಧ ಬಂತು. ಗಂಡಿನ ತಂದೆ ನಮ್ಮ ಮನೆಯ ವಿಚಾರ ಕೇಳಲು ಸುಬ್ರಾಯ ಮಾಮನಲ್ಲಿಗೇ ಹೋದರು. ಉತ್ತರ ಕೊಡಲು ಮಾಮ ಎರಡು ದಿನದ ಗಡುವು ಕೇಳಿ ನನ್ನನ್ನು ಹುಡುಕಿಕೊಂಡು ಹೆಬಳೆಯ ಶಾಲೆಗೆ ಬಂದರು. ಬಿಸಿಲಲ್ಲಿ ನಡೆದು ಅಂಗಿಯೆಲ್ಲ ಒದ್ದೆ.

"ಫೋಟೋ ತೆಗೆಸಿದ್ಯಲ್ಲ? ಶಾರದೆಯದು?"

"ತೆಗೆಸಿದ್ದೇನೆ ಮಾಮ. ಎಂತದೂ ಇಲ್ಲ" ಎಂದೆ.

ಶಾರದೆ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ. ಅದು ಅವಳ ದೈವ, ಅದರಲ್ಲಿ ನನ್ನದೇನೂ ಇಲ್ಲ. ಮಾಮ ಆ ವರ್ಷದ ಮಳೆಗಾಲ ದಾಟಲಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ಶಾರದೆಯ ಮದುವೆಯ ಊಟದಲ್ಲಿ. ಯಾರ ಮದುವೆಗೂ ಬರದ ಮನುಷ್ಯ ಮಡಿ ಪಂಚೆ ಉಟ್ಟು ಮೊದಲ ಪಂಕ್ತಿಯಲ್ಲೇ ಕೂತಿದ್ದರು. ನಾನು ಪಾಯಸ ಬಡಿಸುತ್ತ ಬಂದೆ. ನನ್ನ ಮಣಿಕಟ್ಟು ಹಿಡಿದು ಬಗ್ಗಿಸಿಕೊಂಡು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ಒಳ್ಳೆ ಮನೆ, ಕಣ್ಮುಚ್ಚಿ ಮಾಡ್ಕಳ್ಳಿ ಅಂದೆ ಗಂಡಿನ ಅಪ್ಪಂಗೆ. ಹತ್ತು ವರ್ಷದಲ್ಲಿ ಇದೊಂದು ಸಲ, ಕೇಳಿದವರಿಗೆ ನಾ ನಿಜ ಹೇಳ್ದೆ ಮಾರಾಯ."

ನಾನು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿ ಮುಂದಿನ ಎಲೆಗೆ ಹೋದೆ.