ಬಂದೆ ಎಂದ ದೋಣಿ

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ನಮ್ಮ ಸೋದರತ್ತೆ ಹುಣಸೆಮರದ ಕೆಳಗೆ ಯಾರನ್ನೋ ಕಂಡೆ ಎಂದು ಹೆದರಿ ಬಂದಾಗ, "ಅತ್ತೆ, ನಿಮ್ಮ ಕನ್ನಡಕದ ನಂಬರು ಬದಲಾಗಿರ್ಬೇಕು" ಎಂದವಳು ನಾನು. ಈಗ ನನ್ನದೇ ಒಂದು ಸಂಗತಿ ಬರೆಯಲು ಕುಳಿತಿದ್ದೇನೆ. ನೀವೂ ನನ್ನ ಕನ್ನಡಕದ ನಂಬರು ಕೇಳಿದರೆ ಬೇಜಾರಿಲ್ಲ. ಆದರೆ ಅದನ್ನು ಆ ತಿಂಗಳಷ್ಟೇ ಪರೀಕ್ಷೆ ಮಾಡಿಸಿದ್ದೆ.

ನನಗೊಂದು ಹವ್ಯಾಸವಿದೆ. ಹೊಳೆಯಲ್ಲಿ ದುಡಿಯುವ ದೋಣಿಗಳ ಫೋಟೋ ತೆಗೆಯುವುದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಇದಕ್ಕೆ "ಅಮ್ಮನ ದೋಣಿ ಹುಚ್ಚು" ಎಂದು ಹೆಸರು. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಬಣ್ಣದ ದೋಣಿಗಳು ನನಗೆ ಬೇಡ. ಮೀನು ಹಿಡಿಯುವವರ ತೆಪ್ಪ, ಮರಳು ತುಂಬುವ ತಗಡಿನ ದೋಣಿ, ಪಂಪಿನ ಬಾಯಿಗೆ ಸಿಕ್ಕ ಕಸ ತೆಗೆಯಲು ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಬಿಗಿದು ಮಾಡಿದ ತೇಲುವ ಮಂಚ, ಇಂಥವು ಬೇಕು. ಕೆಲಸ ಮಾಡಿದ ದೋಣಿ ಎಲ್ಲಿ ಸವೆದಿದೆ, ಎಲ್ಲಿ ತೇಪೆ ಹಾಕಿಸಿಕೊಂಡಿದೆ ಎಂದು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ಹುಚ್ಚಿಗೆ ಜೊತೆಯಾದವಳು ಭದ್ರಾವತಿ ನ್ಯೂಟೌನಿನ ವಿಮಲ. ಹೊಲಿಗೆ ತರಗತಿಯಲ್ಲಿ ಪರಿಚಯವಾದ ಗೆಳತಿ. ಭಾನುವಾರ ನಾನು ಚಿತ್ರಾನ್ನ ಕಟ್ಟಿಕೊಂಡು ಬಸ್ಸು ಹತ್ತಿ ಭದ್ರಾವತಿಯಲ್ಲಿ ಇಳಿದರೆ, ಅವಳು ಮಜ್ಜಿಗೆ ಬಾಟಲಿ ಹಿಡಿದು ನಿಂತಿರುತ್ತಿದ್ದಳು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೊಳೆಯ ಗುಂಟ ಕೆಳಕ್ಕೆ. ಫೋಟೋ ನನ್ನದು, ಮಾತು ಅವಳದು. ಗುರುತಿಲ್ಲದವರ ಹತ್ತಿರ ಮಾತು ತೆಗೆಯುವುದು ನನಗೆ ಆಗದ ಕೆಲಸ. ಅವಳೋ, "ಅಣ್ಣಾ, ನಮ್ಮ ಫೋಟೋ ಅಕ್ಕ ನಿಮ್ಮ ದೋಣೀನ ಮದುಮಗಳ ಥರ ತೋರಿಸ್ತಾರೆ, ಸ್ವಲ್ಪ ಬಿಸಿಲಿಗೆ ತಿರುಗ್ಸಿ" ಎಂದು ಎಂಥವರನ್ನೂ ನಗಿಸಿಬಿಡುತ್ತಿದ್ದಳು. ಅವಳಿಲ್ಲದಿದ್ದರೆ ನನ್ನ ಅರ್ಧ ಫೋಟೋಗಳು ಇರುತ್ತಿರಲಿಲ್ಲ. ಈಗಲೂ ಇದನ್ನು ಇಲ್ಲ ಎನ್ನಲಾರೆ.

ಹೀಗೆ ಸಿಕ್ಕವರು ರಂಗಪ್ಪ. ಭದ್ರೆಯ ಒಂದು ಕಡವಿನಲ್ಲಿ, ಎಂದರೆ ಜನ ಹೊಳೆ ದಾಟುವ ಜಾಗದಲ್ಲಿ, ಮರದ ದೋಣಿ ನಡೆಸುತ್ತಿದ್ದರು. ಆ ಭಾಗದಲ್ಲಿ ನಾನು ಕಂಡ ಮರದ ದೋಣಿ ಅದೊಂದೇ. ಅವರ ಮನೆ ಆಚೆ ದಡದಲ್ಲಿ, ಬಸ್ಸು ನಿಲ್ಲುವುದು ಈಚೆ ದಡದಲ್ಲಿ. ಮೊದಲ ದಿನ ವಿಮಲ ಯಾರಿಂದಲೋ ಹೆಸರು ಕೇಳಿಕೊಂಡು "ರಂಗಪ್ಪಣ್ಣಾ" ಎಂದು ಕೂಗಿದ್ದಳು. ಅವರು ದೋಣಿ ತಂದವರೇ ಗದರಿದರು.

"ಹೊಳೆ ಮೇಲೆ ಹೆಸರಿಡ್ದು ಕೂಗ್ಬಾರ್ದು ಕಣಕ್ಕಾ. ಹೊಳೆ ಹೆಸ್ರು ಕಲ್ತ್ಬಿಡ್ತದೆ. ಆಮೇಲೆ ಅದೇ ಕರೀತದೆ."

"ಹಂಗಾದ್ರೆ ತಡೀರಿ, ನಮ್ಮನೆಯವ್ರ ಹೆಸ್ರೂ ಒಂದ್ಸಲ ಕೂಗ್ಬಿಡ್ತೀನಿ" ಎಂದಳು ವಿಮಲ. ರಂಗಪ್ಪನವರಿಗೂ ನಗು ತಡೆಯಲಾಗಲಿಲ್ಲ.

ಅಲ್ಲಿಯ ಪದ್ಧತಿ ಇಷ್ಟೆ. ದಾಟುವವರು "ದೋಣೀ ಓ" ಎನ್ನಬೇಕು. ಆಚೆಯಿಂದ ಅವರು "ಬಂದೇ" ಎನ್ನುತ್ತಾರೆ. ಒಮ್ಮೆ ಬಂದೆ ಎಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟಾದರೂ ಬರಲೇಬೇಕು. ಆ ದೋಣಿ ಎಡಕ್ಕೆ ಎಳೆಯುತ್ತಿತ್ತು. ಹಿಂದೆಂದೋ ಒಂದು ಕಡೆಯ ಹಲಗೆ ಬದಲಿಸಿದ ಮೇಲೆ ಹಾಗಾಯಿತಂತೆ. ನೇರ ದಾಟದೆ ನಡುಹೊಳೆಯಲ್ಲಿ ಎಡಕ್ಕೆ ಬಾಗಿ, ಮತ್ತೆ ಸರಿಮಾಡಿಕೊಂಡು ದಡಕ್ಕೆ ಬರುತ್ತಿತ್ತು. ನೀರಿನ ಮೇಲೆ ಅದರ ಗೆರೆ ಕುಡುಗೋಲಿನ ಹಾಗೆ ಕಾಣುತ್ತಿತ್ತು. ನನ್ನ ಹತ್ತಿರ ಆ ಗೆರೆಯ ಫೋಟೋಗಳೇ ಎಷ್ಟೋ ಇವೆ.

ಆಮೇಲೆ ಸ್ವಲ್ಪ ಕೆಳಗೆ ಸೇತುವೆಯಾಯಿತು. ದಾಟುವವರು ಕಡಿಮೆಯಾದರು. ದೋಣಿಯನ್ನು ಶೋಕಿಗೆ ಇಟ್ಟುಕೊಳ್ಳುತ್ತೇವೆಂದು ಒಬ್ಬಿಬ್ಬರು ಕೇಳಿಕೊಂಡು ಬಂದರಂತೆ. ರಂಗಪ್ಪ ಅದನ್ನು ಹೇಳುತ್ತಾ, "ನನ್ ಕೈಲಾಗೋವರ್ಗೂ ಇದು ನೀರಲ್ಲೇ ಇರ್ಲಿ ಅಕ್ಕಾರೇ. ಯಾರಾದ್ರೂ ಬಂದ್ರೆ ಫೋಟೋ ಅಕ್ಕಾರು ಹೂಂ ಅಂದ್ರೆ ಮಾತ್ರ ಅಂತ ಹೇಳಿ ಕಳಿಸ್ತೀನಿ. ನಂಗೆ ಜನಕ್ಕೆ ಇಲ್ಲ ಅನ್ನೋಕೆ ಬರಲ್ಲ" ಎಂದರು. ನಾನು "ಹಾಗೇ ಹೇಳಿ, ನಾನಂತೂ ಹೂಂ ಅನ್ನಲ್ಲ" ಎಂದೆ. ವಿಮಲ ಪಕ್ಕದಲ್ಲೇ ಕುಳಿತು ಮಜ್ಜಿಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

ಚಳಿಗಾಲದ ಒಂದು ಭಾನುವಾರ ಅವಳು ಮಂಡಿನೋವು, ಬರುವುದಿಲ್ಲ ಎಂದು ಫೋನು ಮಾಡಿದಳು. ನಾನೊಬ್ಬಳೇ ಹೋದೆ. ಕಡವು ತಲುಪಿದಾಗ ಮಧ್ಯಾಹ್ನ ಸ್ವಲ್ಪ ಇಳಿದಿತ್ತು. ಗಾಳಿಯಿಲ್ಲ, ಹೊಳೆ ಕಾಯಿಸಿ ಆರಿಸಿದ ಹಾಲಿನ ಹಾಗೆ ಅಲುಗದೆ ಇತ್ತು. "ದೋಣೀ ಓ" ಎಂದೆ. ಆಚೆಯಿಂದ "ಬಂದೇ" ಎಂದು ರಂಗಪ್ಪನವರ ದನಿಯೇ ಬಂತು. ದೋಣಿ ಹೊರಟಿತು. ಎದುರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆದರೂ ತಲೆಗೆ ಟವೆಲ್ಲು ಸುತ್ತಿ, ಉದ್ದನೆಯ ಗಳ ಹಾಕಿ ದೋಣಿ ನೂಕುತ್ತಿದ್ದವರ ಆಕಾರ, ಗಳ ನೀರಿಗಿಳಿಯುವ ಸದ್ದು ಎರಡೂ ನನಗೆ ಸ್ಪಷ್ಟವಾಗಿ ಗೊತ್ತಾದವು. ಎಂದಿನಂತೆ ಕ್ಯಾಮೆರಾ ಎತ್ತಿ ಒಂದರ ಮೇಲೊಂದು ಫೋಟೋ ತೆಗೆದೆ. ದೋಣಿ ನಡುಹೊಳೆಗೆ ಬಂತು, ಎಡಕ್ಕೆ ಬಾಗಿತು, ಅಲ್ಲಿದ್ದ ಜೊಂಡಿನ ಮರೆಗೆ ಹೋಯಿತು. ಮತ್ತೆ ಈಚೆಗೆ ಬರಲಿಲ್ಲ.

ನನಗೆ ಹೆದರಿಕೆಯೇನೂ ಆಗಲಿಲ್ಲ. ಯಾರೋ ಮೀನಿನವರು ಸಿಕ್ಕಿ ಮಾತಿಗೆ ನಿಂತಿರಬೇಕು ಎಂದುಕೊಂಡು, ಕಲ್ಲಿನ ಮೇಲೆ ಕುಳಿತು ಚಿತ್ರಾನ್ನ ತಿಂದೆ. ಡಬ್ಬಿ ತೊಳೆದೆ. ಮತ್ತೊಮ್ಮೆ ಕೂಗಿದೆ. ಉತ್ತರವಿಲ್ಲ. ಸ್ವಲ್ಪ ಸಿಟ್ಟೇ ಬಂದು, ಸೇತುವೆಯ ಮೇಲೆ ನಡೆದು ಅವರ ಮನೆಗೆ ಹೋದೆ.

ರಂಗಪ್ಪ ಜಗಲಿಯ ಮೇಲೆ ಕುಳಿತಿದ್ದರು. ಗಳವನ್ನು ಗೋಡೆಗೆ ಒರಗಿಸಿದ್ದರು. ಏಳಲಿಲ್ಲ, ಬನ್ನಿ ಎನ್ನಲಿಲ್ಲ.

"ಏನಣ್ಣಾ, ಬಂದೆ ಅಂದು ಬರ್ಲೇ ಇಲ್ವಲ್ಲ?"

"ನಾನೆಲ್ಲಿ ಬಂದೆ ಅಂದೆ? ಯಾತರಲ್ಲಿ ಬರ್ಲಿ? ದೋಣಿ ಮೊನ್ನೇನೇ ಲಾರಿ ಹತ್ತಿತಲ್ಲ. ನೀವೇ ಹೇಳಿ ಕಳಿಸಿ, ಈಗ ನನ್ನ ಕೇಳ್ತೀರಲ್ಲ."

"ನಾನಾ? ಯಾರ ಹತ್ರ ಹೇಳಿ ಕಳಿಸಿದ್ದೆ?"

"ನಿಮ್ಮ ವಿಮಲಕ್ಕಾರೇ ಲಾರಿ ಜೊತೆ ಬಂದಿದ್ರು. ಅಕ್ಕ ಹೂಂ ಅಂದವ್ರೆ, ಮುಖ ನೋಡಿ ಹೇಳೋಕೆ ಸಂಕಟ ಅಂತ ನನ್ನ ಕಳ್ಸಿದಾರೆ ಅಂದ್ರು. ನಿಮ್ಮ ಹೆಸ್ರು ಬಂದ್ಮೇಲೆ ನಾನು ಏನು ಮಾತಾಡ್ಲಿ?"

ನಾನು ಏನು ಹೇಳಿದೆನೋ ನೆನಪಿಲ್ಲ. ಕೈಯಲ್ಲಿದ್ದ ಕ್ಯಾಮೆರಾ ತೆರೆದು ಆಗ ತೆಗೆದ ಫೋಟೋಗಳನ್ನು ನೋಡಿದೆ. ಒಂದರಲ್ಲೂ ದೋಣಿಯಿಲ್ಲ, ಗಳವಿಲ್ಲ, ಮನುಷ್ಯರಿಲ್ಲ. ಬರೀ ಹೊಳೆ. ಆದರೆ ಆ ಅಲುಗದ ನೀರಿನ ಮೇಲೆ ಒಂದು ಗೆರೆ ಆಚೆ ದಡದಿಂದ ಹೊರಟು, ಫೋಟೋದಿಂದ ಫೋಟೋಗೆ ಬೆಳೆಯುತ್ತಾ ಬಂದು, ನಡುವೆ ಕುಡುಗೋಲಿನ ಹಾಗೆ ಎಡಕ್ಕೆ ಬಾಗಿತ್ತು. ಗೆರೆಯ ತುದಿಯಲ್ಲಿ ಏನೂ ಇರಲಿಲ್ಲ. ಅವರಿಗೆ ತೋರಿಸಲು ಹೋದೆ. ಅವರು ಮುಖ ತಿರುಗಿಸಿದರು.

ಅಲ್ಲಿಂದಲೇ ವಿಮಲಳಿಗೆ ಫೋನು ಮಾಡಿದೆ. ಅವಳು ಅಳುಕಲಿಲ್ಲ. "ನಮ್ಮ ತಮ್ಮನ ಹೊಸ ರೆಸಾರ್ಟಿಗೆ ಕಣೇ. ಹೊಳೇಲಿ ಕೊಳೆತು ಹೋಗೋ ಬದ್ಲು ಅಲ್ಲಿ ಮರ್ಯಾದೆಯಾಗಿ ಇರುತ್ತೆ. ನೀನು ಒಪ್ಪಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೇಳ್ಲಿಲ್ಲ. ನಿನ್ನ ಫೋಟೋಗಳನ್ನೂ ದೊಡ್ಡದು ಮಾಡ್ಸಿ ಗೋಡೆಗೆ ಹಾಕಿಸ್ತಾ ಇದೀನಿ, ಗೊತ್ತಾ? ಬಂದು ನೋಡು ಮಾರಾಯ್ತಿ, ಆಮೇಲೆ ಸಿಟ್ಟು ಮಾಡ್ಕೋ." ಮಂಡಿನೋವಿನ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಾರನೆಯ ದಿನ ಹೋಗಿ ನೋಡಿದೆ. ತ್ಯಾವರೆಕೊಪ್ಪದಿಂದ ಆಚೆ, ಹೊಳೆಯ ಸುಳಿವೇ ಇಲ್ಲದ ಜಾಗ. ದೋಣಿಯನ್ನು ಗೇಟಿನ ಪಕ್ಕ ಇಟ್ಟಿದ್ದರು. ಒಳಗೆ ಗೊಬ್ಬರ ತುಂಬಿ ಚೆಂಡು ಹೂವಿನ ಸಸಿ ನೆಟ್ಟಿದ್ದರು. ತಳದಿಂದ ಕೆಂಪು ನೀರು ಸೋರುತ್ತಿತ್ತು. ಗಿಡಕ್ಕೆ ನೀರು ಹಾಕುತ್ತಿದ್ದವನು, "ತೂತು ಮಾಡ್ದಿದ್ರೆ ಬೇರು ಕೊಳೀತದೆ ಮೇಡಂ. ನಿನ್ನೆ ಊಟ ಮಾಡ್ಕೊಂಡು ಡ್ರಿಲ್ ಹೊಡೆದ್ವಿ. ಏನ್ ಗಟ್ಟಿ ಮರ ಅಂತೀರಾ" ಎಂದ. ನಿನ್ನೆ ಊಟದ ಹೊತ್ತು ಕಳೆದ ಮೇಲೆ ನಾನು ಕಡವಿನಲ್ಲಿ ನಿಂತು ಕೂಗುತ್ತಿದ್ದೆ. ಇದಕ್ಕೂ ಅದಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎನ್ನುವ ಧೈರ್ಯವೂ ನನಗಿಲ್ಲ. ಎದುರು ಬಿಸಿಲಿಗೆ ಕಣ್ಣು ಮೋಸ ಮಾಡಿತು ಎನ್ನಬಹುದು. ಆ ಗೆರೆ ದೊಡ್ಡ ಮೀನೋ ನೀರುನಾಯಿಯೋ ಹೋದ ಜಾಡು ಎನ್ನಬಹುದು. ನನಗೆ ನಾನೇ ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಬಂದೆ ಎಂಬ ದನಿಯ ಹತ್ತಿರ ಬಂದಾಗ ಮಾತು ನಿಂತುಹೋಗುತ್ತದೆ.

ವಿಮಲ ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾಳೆ. ನಾನು ಎತ್ತುವುದಿಲ್ಲ. ದೋಣಿ ಕೊಂಡೊಯ್ದದ್ದಕ್ಕಿಂತ, ಹೂಂ ಎನ್ನುವುದಿಲ್ಲ ಎಂದಿದ್ದ ನನ್ನ ಪರವಾಗಿ ಹೂಂ ಎಂದಳಲ್ಲ, ಅದು ನನಗೆ ಇನ್ನೂ ಜೀರ್ಣವಾಗಿಲ್ಲ. ಇಷ್ಟು ವರ್ಷ ನನ್ನ ಬದಲು ಅವಳೇ ಮಾತಾಡುತ್ತಿದ್ದಳು. ಅವಳ ಮಾತೆಂದರೆ ನನ್ನ ಮಾತು ಎಂದು ಹೊಳೆಯ ಗುಂಟ ಎಲ್ಲರೂ ನಂಬಿದ್ದರು.

ರೆಸಾರ್ಟು ನೋಡಿದ ವಾರವೇ ರಂಗಪ್ಪನವರ ಮನೆಗೆ ಮತ್ತೆ ಹೋಗಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ತಳಕ್ಕೆ ತೂತು ಹೊಡ್ದಿಲ್ಲ ತಾನೆ?"

ಹೊಡೆದಿದ್ದಾರೆ ಎಂದೆ.  ಅವರು ತಾವಾಗಿಯೇ ಕೈ ಚಾಚಿ ಕ್ಯಾಮೆರಾ ಕೇಳಿದರು. ಒಂದೊಂದೇ ಫೋಟೋ ನೋಡಿದರು. ಗೆರೆ ಬಾಗುವ ಕಡೆ ಬೆರಳಿಟ್ಟರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಾನು ಹೂಂ ಅಂದಿರ್ಲಿಲ್ಲ ಅಣ್ಣಾ" ಎಂದೆ. "ದೇವರಾಣೆಗೂ ನಂಗೆ ಗೊತ್ತಿರ್ಲಿಲ್ಲ."

ಅವರು ಕ್ಯಾಮೆರಾವನ್ನು ಹುಷಾರಾಗಿ ನನ್ನ ಕೈಗಿಟ್ಟರು.

"ದೋಣಿ ಬಂದಿದ್ದು ನಂಬ್ತೀನಿ ಅಕ್ಕಾರೇ" ಎಂದರು. "ಇದು ಮಾತ್ರ ನಂಬೋಕಾಗಲ್ಲ."