ಇಡ್ಲಿ ತಟ್ಟೆಗೆ ಚಿಮುಕಿಸುವ ನೀರು

ರಿಮೋಟಿನಲ್ಲಿ ಓಡಿಸುವ ನನ್ನ ಕಾರನ್ನು ಯಾರಾದರೂ ಆಟಿಕೆ ಎಂದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ಅಪ್ಪಯ್ಯನೂ ಹಾಗೇ ಅನ್ನುತ್ತಿದ್ದರು. ಡೊಂಬಿವಲಿ ಸ್ಟೇಷನ್ ಹತ್ತಿರ ಅವರದು ಸಸ್ಯಾಹಾರಿ ಹೋಟೆಲು. ನಾನು ರಬಾಳೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುವವಳು. ಭಾನುವಾರ ಬಂತೆಂದರೆ ಕಾರು, ಬ್ಯಾಟರಿ, ರಿಮೋಟು ಚೀಲಕ್ಕೆ ತುಂಬಿಕೊಂಡು ಕಳಂಬೋಲಿಗೆ ಹೊರಡುತ್ತಿದ್ದೆ. ಅಲ್ಲಿ ಕಬ್ಬಿಣದ ಮಾರ್ಕೆಟ್ಟಿನ ಹಿಂದಿನ ಖಾಲಿ ಪ್ಲಾಟಿನಲ್ಲಿ ಮಣ್ಣು ಗುಡ್ಡೆ ಹಾಕಿ ಟ್ರ್ಯಾಕು ಮಾಡಿದ್ದರು.

"ಎಂತ ಮಾರಾಯ್ತಿ, ಈ ವಯಸ್ಸಲ್ಲಿ ಆಟದ ಕಾರು?" ಎಂದು ಅಪ್ಪಯ್ಯ ಗಲ್ಲಾದಿಂದಲೇ ಕೂಗುತ್ತಿದ್ದರು, ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ.

ಆಟವಂತೆ. ಕಾರಿನೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ ಇರುತ್ತದೆ, ಸ್ಪೀಡ್ ಕಂಟ್ರೋಲರ್. ಮೋಟರಿಗೆ ಎಷ್ಟು ಕರೆಂಟು ಹೋಗಬೇಕು ಎಂಬುದು ಅದರ ಕೈಯಲ್ಲಿ. ಇಲ್ಲಿಯ ಸೆಕೆಗೆ ಅದು ಬೇಗ ಕಾಯುತ್ತದೆ. ಮಿತಿ ಮೀರಿ ಕಾದರೆ ತಾನಾಗಿ ಬಂದ್ ಆಗುತ್ತದೆ, ಕಾರು ಟ್ರ್ಯಾಕಿನ ನಡುವೆ ನಿಂತುಬಿಡುತ್ತದೆ. ಅಲ್ಲಿಗೆ ಬರುವ ಗಂಡಸರಿಗೆ ಇದು ತಲೆಗೇ ಹೋಗುವುದಿಲ್ಲ. ವೇಗದ ಹುಚ್ಚಿಗೆ ಮೋಟರಿಗೆ ದೊಡ್ಡ ಹಲ್ಲುಚಕ್ರ ಹಾಕುತ್ತಾರೆ, ಅದರಿಂದ ಕಂಟ್ರೋಲರ್ ಇನ್ನಷ್ಟು ಕಾಯುತ್ತದೆ. ಮೇಲಿನ ಬಾಡಿಯಲ್ಲಿ ಗಾಳಿಗೆ ಒಂದು ತೂತು ಕೊರೆಯಲು ಜೀವ ಬಾರದು, ಪೇಂಟು ಹಾಳಾಗುತ್ತದಂತೆ. ಕಾರು ನಿಂತ ಮೇಲೆ ಚೈನಾ ಮಾಲು ಎಂದು ಬೈಯುತ್ತಾರೆ. ಬುದ್ಧಿ ಬೇಡವೇ?

ನಾನು ಹಾಕಿದ್ದು ಚಿಕ್ಕ ಹಲ್ಲುಚಕ್ರ. ಮುಂದಿನಿಂದ ಬಂದ ಗಾಳಿ ಹಿಂದಿನಿಂದ ಹೊರಬೀಳುವ ಹಾಗೆ ಬಾಡಿ ಕತ್ತರಿಸಿದ್ದೆ. ಕಂಟ್ರೋಲರಿನ ಮೇಲೆ ದೊಡ್ಡ ಫ್ಯಾನ್ ಕೂರಿಸಿದ್ದೆ. "ಮೇಡಮ್ ಕೀ ಗಾಡಿ ಸ್ಲೋ ಹೈ" ಎಂದು ನಕ್ಕವರು ತಮ್ಮ ನಿಂತ ಕಾರು ಎತ್ತಿಕೊಂಡು ಬರುವಾಗ ನನ್ನದು ಓಡುತ್ತಲೇ ಇರುತ್ತಿತ್ತು. ನನ್ನ ಕಾರು ಒಮ್ಮೆಯೂ ಬಿಸಿಗೆ ನಿಂತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ನೀರು ಬಾರದೆ ಹೋಟೆಲು ಮುಚ್ಚಿತ್ತು. ಟ್ರ್ಯಾಕಿನಲ್ಲಿ ಅವತ್ತು ರೇಸು. "ಒಂದು ಸಲ ಬಂದು ಕಣ್ಣಾರೆ ನೋಡಿ, ಆಮೇಲೆ ಬೇಕಾದರೆ ಆಟ ಅನ್ನಿ" ಎಂದು ಹಟ ಹಿಡಿದು ಅಪ್ಪಯ್ಯನನ್ನು ಕರೆದುಕೊಂಡು ಹೋದೆ. ಮೊದಲ ಓಟದುದ್ದಕ್ಕೂ ಅವರು ಟ್ರ್ಯಾಕಿಗೆ ಬೆನ್ನು ಹಾಕಿ, ಇಡ್ಲಿ ಅಕ್ಕಿ ಕಳಿಸುವವನನ್ನು ಫೋನಿನಲ್ಲಿ ಬೈಯುತ್ತಿದ್ದರು. ನಾನು ಫೈನಲ್‌ಗೆ ಬಂದದ್ದೂ ಅವರಿಗೆ ತಿಳಿಯಲಿಲ್ಲ. ಇರಲಿ, ಫೈನಲ್ ಇದೆಯಲ್ಲ ಎಂದು ಹಲ್ಲು ಕಚ್ಚಿದೆ.

ಕಾರು ಕಾದಿತ್ತು. ಬಾಡಿ ಬಿಚ್ಚಿ, ಫ್ಯಾನ್ ತಿರುಗುತ್ತಿರಲಿ ಎಂದು ಸ್ವಿಚ್ ಆರಿಸದೆ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಫೈನಲ್‌ಗೆ ಹೆಸರು ಕೊಡಲು ಕೂಗಿ ಕರೆದರು.

"ಅಪ್ಪಯ್ಯ, ತುಂಬಾ ಬಿಸಿ ಇದೆ, ಸ್ವಲ್ಪ ನೋಡಿಕೊಳ್ಳಿ" ಎಂದು ಹೋದೆ.

ಹಿಂತಿರುಗುವಾಗ ಅವರು ಬಾಟಲಿಯ ನೀರನ್ನು ಅಂಗೈಗೆ ಬಗ್ಗಿಸಿಕೊಂಡು ಕಾರಿನ ಮೇಲೆ ಚಿಮುಕಿಸುತ್ತಿದ್ದರು. ಹಬೆಯಿಂದ ತೆಗೆದ ಇಡ್ಲಿ ತಟ್ಟೆಗೆ ತಣ್ಣೀರು ಚಿಮುಕಿಸಿದರೆ ಇಡ್ಲಿ ಅಂಟದೆ ಏಳುತ್ತದೆ. ಮೀಸೆ ಚಿಗುರುವ ಮೊದಲಿನಿಂದ ಅವರು ಮಾಡಿಕೊಂಡು ಬಂದದ್ದು ಅದನ್ನೇ. ಚುರ್ ಎಂದಿತು. ಹೊಗೆ ಎದ್ದಿತು. ಫ್ಯಾನ್ ನಿಂತಿತು.

"ಎಂತ ಮಾಡಿದ್ರಿ ನೀವು?"

"ಬಿಸಿ ಉಂಟು ಅಂದಿಯಲ್ಲ ಮಗಾ. ತಣೀಲಿ ಅಂತ."

ಪಕ್ಕದ ಮೇಜಿನವನು ಕಿಸಕ್ಕೆಂದ. "ಅಂಕಲ್‌ನೇ ಇಡ್ಲಿ ಸಮಝ್ ಲಿಯಾ."

"ತೇರಾ ಕ್ಯಾ ಜಾತಾ ಹೈ? ಅಪ್ನೀ ಗಾಡಿ ದೇಖ್" ಎಂದು ಅವನ ಮೇಲೆ ಹರಿಹಾಯ್ದೆ. ಫೈನಲ್ ಬಿಟ್ಟು, ಕಂಟ್ರೋಲರ್ ಸುಟ್ಟ ಕಾರನ್ನು ಚೀಲಕ್ಕೆ ತುರುಕಿ ಅಪ್ಪಯ್ಯನ ಜೊತೆ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟವಳು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ದಿನಾ ಬರುವ ಗಿರಾಕಿಯೊಬ್ಬರು ನಿನ್ನೆ ಏನಾಯಿತೆಂದು ಕೇಳಿದರು.

"ಫೈನಲ್ ತನಕ ಬಂತು ಮಾರಾಯ್ರೇ" ಎಂದರು ಅಪ್ಪಯ್ಯ. "ಬಿಸಿಲಲ್ವಾ, ಕಾರು ಬಿಸಿಯಾಗಿ ನಿಂತು ಹೋಯ್ತು."

ಲೋಟ ಕುಕ್ಕಿದೆ. "ನನ್ನ ಕಾರು ಬಿಸಿಗೆ ನಿಲ್ಲಲಿಲ್ಲ. ನೀವು ನೀರು ಹಾಕಿ ನಿಲ್ಲಿಸಿದ್ದು."

ಅಪ್ಪಯ್ಯ ಗಲ್ಲಾದ ಡ್ರಾಯರ್ ಮುಚ್ಚಿದರು. "ಹೌದು. ನೀರು ಹಾಕಿದ್ದು ನಾನೇ. ಕಾರಿನದ್ದು ಎಂತ ತಪ್ಪೂ ಇಲ್ಲ" ಎಂದು ಆ ಗಿರಾಕಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಇನ್ನು ನಾನು ಬರುದಿಲ್ಲ ಮಗಾ. ಬಂದದ್ದೇ ತಪ್ಪಾಯ್ತು" ಎಂದರು.

ಆಗ ನಿಜವಾಗಿ ಮೈಯೆಲ್ಲ ಉರಿದುಹೋಯಿತು. ಕಂಟ್ರೋಲರ್ ಇನ್ನೊಂದು ಸಿಗುತ್ತದೆ. ನನ್ನ ಕಾರು ಓಡುವುದನ್ನು ಈ ಮನುಷ್ಯ ಇನ್ನೂ ನೋಡಿಯೇ ಇಲ್ಲ.

"ಬರದೆ ಎಲ್ಲಿಗೆ ಹೋಗ್ತೀರಿ?" ಎಂದೆ, ಇಡೀ ಹೋಟೆಲಿಗೆ ಕೇಳುವ ಹಾಗೆ. "ಹೊಸದು ಹಾಕಿದ ಕೂಡಲೇ ಬರಬೇಕು. ಫೋನೂ ಬೇಡ, ನೀರಿನ ಬಾಟಲಿಯೂ ಬೇಡ. ಕೈಕಟ್ಟಿ ನಿಂತು ನೋಡಬೇಕು ನೀವು."