ಬಲ್ಲೆನೆಂದು ಸಹಿ ಮಾಡಿದ ಕಾಕು

ಕಾಕುವಿನ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಮದುವೆಯಾಗಿ ಬಂದಂದಿನಿಂದ ಎಮ್ಮೆ ಹಿಂಡಿ ಹಿಂಡಿ ಉಳಿದ ಬೆರಳುಗಳ ಗೆಣ್ಣುಗಳು ಉಬ್ಬಿದ್ದವು. ಹೆಬ್ಬೆರಳೊಂದು ಮಾತ್ರ ಸಿಟ್ಟಾಗಿ ಮುಖ ತಿರುಗಿಸಿ ನಿಂತಂತೆ ಕಾಣುತ್ತಿತ್ತು. ಡೇರಿಯ ಹಾಲಿನ ಹಣ ಬ್ಯಾಂಕಿಗೆ ಜಮಾ ಆಗತೊಡಗಿದಾಗ ಅದೇ ಕೈಯಲ್ಲಿ ಸಹಿ ಮಾಡಲು ಕಲಿತಿದ್ದರು.

ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ಗಡಿಯೂರು ಸದಲಗಾದಲ್ಲಿ ನಮ್ಮ ಮನೆ ಮಾಲೀಕರು. ಎಂಬತ್ತರ ದಶಕದ ನಡುವೆ ನಾನು, ನನ್ನ ಗಂಡ ಸೊಲ್ಲಾಪುರ ಬಿಟ್ಟು ಬಂದಾಗ ಕೈಯಲ್ಲಿದ್ದದ್ದು ಒಂದು ಟ್ರಂಕು. ನಮ್ಮಿಬ್ಬರ ಜಾತಿ ಬೇರೆ. ಎರಡೂ ಮನೆಯವರಿಗೆ ಹೇಳದೆ ಗುಡಿಯಲ್ಲಿ ಮಾಲೆ ಹಾಕಿಕೊಂಡು ಓಡಿಬಂದಿದ್ದೆವು. ಕಾಕು "ಯಾವ ಪೈಕಿ?" ಎಂದು ಕೇಳಿದಾಗ ಗಂಡನ ಜಾತಿಯನ್ನೇ ಇಬ್ಬರದೂ ಎಂದುಬಿಟ್ಟೆ. ನಿಜ ಹೇಳಿದ್ದರೆ ಆ ಓಣಿಯಲ್ಲಿ ಮನೆ ಸಿಗುತ್ತಿರಲಿಲ್ಲ.

ಕಾಕು ಜೈನರು. ಬಟ್ಟೆಯಲ್ಲಿ ಸೋಸದೆ ನೀರು ಕುಡಿಯರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟರು. ಇವೆರಡಕ್ಕೆ ನಾನು ಹೇಗೋ ಹೊಂದಿಕೊಂಡೆ. ಮೂರನೆಯದೇ ಕಷ್ಟದ್ದು: ಸುಳ್ಳು ಹೇಳುವುದಿಲ್ಲವೆಂದು ಮುನಿಗಳ ಮುಂದೆ ವ್ರತ ಹಿಡಿದಿದ್ದರು. ಹಾಲಿಗೆ ಬಂದವರಿಗೆ "ಇವತ್ತ ಹಾಲ ತೆಳ್ಳಗ ಐತಿ, ಬೇಕಿದ್ರ ಒಯ್ಯಿ" ಎನ್ನುವ ಹೆಂಗಸು. ನಾನು ಹೊಸದಾಗಿ ಮಾಡಿದ ಕಡಲೆಹಿಟ್ಟಿನ ಝುಣಕವನ್ನು ತಿಂದು, "ಉಪ್ಪಿನ ಡಬ್ಬಿನs ಮುಗಿಸಿಯೇನ, ಪೋರಿ?" ಎಂದಿದ್ದರು.

ಗಂಡ ಪಕ್ಕದ ಊರಾದ ಬೋರಗಾಂವದ ಮಗ್ಗಗಳ ರಿಪೇರಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಅವರು ಮೊದಲು ಕೆಲಸಕ್ಕಿದ್ದ, ಈಗ ಮುಚ್ಚಿಹೋದ ಬಟ್ಟೆ ಗಿರಣಿಯಿಂದ, ಅವರು ಕಾಗದ ಬರೆದು ಕೇಳಿದ್ದ ಬಾಕಿ ಪಗಾರದ ಚೆಕ್ಕು ಅಂಚೆಯಲ್ಲಿ ಬಂತು. ಖಾತೆ ಇಲ್ಲದೆ ಅದು ಬರೀ ಕಾಗದ. ಅದರ ಅವಧಿಯೂ ಮುಗಿಯುತ್ತ ಬಂದಿತ್ತು. ಮಗ್ಗದ ಮಾಲೀಕರು ತಮ್ಮ ಖಾತೆಗೆ ಹಾಕಿಕೊಂಡು ಹಣ ಕೊಡುತ್ತೇನೆ ಎಂದರು. ಗಂಡ ಹೂಂ ಅನ್ನುವುದರಲ್ಲಿದ್ದರು.

ಕಾಕು ಬಿಡಲಿಲ್ಲ. "ಮಂದಿ ಖಾತೇಕ ಯಾಕ? ಬ್ಯಾಂಕಿನ್ಯಾಗ ನಿಮ್ಮದs ತಗೀರಿ. ಇಬ್ಬರ ಹೆಸರಲೆ ತಗೀರಿ."

ಇಬ್ಬರ ಹೆಸರಲ್ಲಿ! ನಮ್ಮನ್ನು ಗಂಡಹೆಂಡತಿ ಎನ್ನುವ ಒಂದು ಚೀಟಿಯೂ ನಮ್ಮಲ್ಲಿರಲಿಲ್ಲ. ಆ ರಾತ್ರಿ ನನಗೆ ಹಣಕ್ಕಿಂತ ಅದರದೇ ಆಸೆ ಹತ್ತಿತು.

ಆಗ ಖಾತೆ ತೆಗೆಯಬೇಕೆಂದರೆ ಹಳೆಯ ಖಾತೆದಾರರೊಬ್ಬರು ಗುರುತು ಹೇಳಿ ಸಹಿ ಮಾಡಬೇಕಿತ್ತು. ನಮ್ಮ ಹೆಸರುಗಳು ಇನ್ನೂ ಸೊಲ್ಲಾಪುರದ ಮನೆಗಳ ರೇಶನ್ ಕಾರ್ಡಿನಲ್ಲೇ ಇದ್ದವು. ಊರಲ್ಲಿ ನಮಗೆ ಕಾಕು ಬಿಟ್ಟರೆ ಯಾರು? ಕರೆದುಕೊಂಡು ಹೋದೆ. ಕ್ಲಾರ್ಕು ಅರ್ಜಿ ಓದಿದ: "ಇವರನ್ನು ಆರು ತಿಂಗಳಿಂದ ಬಲ್ಲೆ."

ಕಾಕು ಪೆನ್ನು ಕೆಳಗಿಟ್ಟರು. "ಎರಡs ತಿಂಗಳಾತಲ್ರಿ ಇವರು ಬಂದು."

"ಎಲ್ಲಾರೂ ಹಿಂಗs ಮಾಡ್ತಾರ್ರಿ, ಕಾಕು. ಸಹಿ ಮಾಡ್ರಿ," ಎಂದ ಕ್ಲಾರ್ಕು.

"ಎಲ್ಲಾರೂ ಮಾಡ್ಲಿ. ನನ್ನ ಕಡಿಂದ ಆಗೂದಿಲ್ಲ."

ದಾರಿಯುದ್ದಕ್ಕೂ ನಾನು ಅವರನ್ನು ಹಿಂದೆ ಬಿಟ್ಟು ಸರಸರ ನಡೆದೆ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಒಂದು ಗೀಟು ಸಹಿಗೆ ಇಷ್ಟು ಬಿಗುವೇ? ಮರುದಿನ ಬೆಳಿಗ್ಗೆ ಅವರೇ ಬಾಗಿಲಿಗೆ ಬಂದರು. "ನಮ್ಮ ಬಸದಿ ಹೆಣ್ಣಮಕ್ಕಳು ಕುಂಥಲಗಿರಿ ಯಾತ್ರಾಕ ಹೊಂಟಾರ, ನಾನೂ ಹೊಂಟೇನಿ. ಹಾದ್ಯಾಗ ಸೊಲ್ಲಾಪುರ. ನಿಮ್ಮ ಗಲ್ಲಿ ಹೆಸರ ಹೇಳು, ನಿಮ್ಮನ್ನ ಬಲ್ಲವರನ್ನ ಕೇಳಿ ಬರತೇನಿ."

ನನ್ನ ಜೀವವೇ ಹಾರಿಹೋಯಿತು. "ಬ್ಯಾಡ್ರಿ ಕಾಕು, ನಿಮಗ್ಯಾಕ ತ್ರಾಸ," ಎಂದೆ.

"ತ್ರಾಸೇನ? ನೋಡದ ಬಲ್ಲೆ ಅಂತ ಹೆಂಗ ಬರೀಲಿ?"

ಹೇಳದಿದ್ದರೆ ಸಂಶಯ, ಹೇಳಿದರೆ ಬಯಲು. ಹೇಳಿದೆ. ಅವರು ಬರುವವರೆಗೆ ಟ್ರಂಕು ಕಟ್ಟಲೋ ಬೇಡವೋ ಎಂದು ಗಂಡನೊಡನೆ ಜಗಳವಾಡಿದೆ. ಯಾತ್ರೆಯಿಂದ ಬಂದ ಕಾಕು ಬುತ್ತಿಯ ಗಂಟು ಬಿಚ್ಚಿ ಪ್ರಸಾದ ಕೊಟ್ಟರು. "ನಾಳೆ ಬ್ಯಾಂಕಿಗೆ ಹೋಗೂಣು," ಎಂದರು, ಅಷ್ಟೇ. ಗಲ್ಲಿಯಲ್ಲಿ ಯಾರೂ ನಿಜ ಹೇಳಿಲ್ಲವೆಂದುಕೊಂಡು ನಿಟ್ಟುಸಿರುಬಿಟ್ಟೆ.

ಈ ಸಲ ಅವರು ನೇರ ಮ್ಯಾನೇಜರ ಮುಂದೆ ಕುಳಿತರು. "ಸಾಹೇಬರ, ಆರ ತಿಂಗಳಾ ಅಂತ ಬರ್ಯಾಕ ಬರೂದಿಲ್ರಿ. ಎರಡ ತಿಂಗಳಿಂದ ಬಲ್ಲೆ, ಇವರ ಊರಿಗೆ ಹೋಗಿ ನೋಡಿ ಬಂದೇನಿ. ಇಷ್ಟ ಬರದ್ರ ನಡೀತೈತೇನ್ರಿ?"

ದಕ್ಷಿಣದ ಕಡೆಯ ಆ ಮ್ಯಾನೇಜರು ಕನ್ನಡಕ ತೆಗೆದು ಅವರನ್ನು ನೋಡಿದರು. "ಆರು ತಿಂಗಳು ಅಂತ ಸಹಿ ಮಾಡಿದವರು ಯಾರೂ ಅಷ್ಟು ನೋಡಿರೋದಿಲ್ಲ ಅಮ್ಮ. ಬರೆಯಿರಿ."

ಅಚ್ಚಾದ ಸಾಲನ್ನು ಹೊಡೆದು ಹಾಕಿ, ಕಾಕು ಹೇಳಿದ್ದನ್ನು ಕ್ಲಾರ್ಕು ಬರೆದ. ಕಾಕು ಸಹಿ ಮಾಡಿದರು. ಪಾಸ್‌ಬುಕ್ಕಿನಲ್ಲಿ ನಮ್ಮ ಹೆಸರುಗಳು ಒಂದರ ಕೆಳಗೊಂದು ಕುಳಿತವು. ಚೆಕ್ಕೂ ಪಾಸಾಯಿತು. ಆ ಪುಸ್ತಕವನ್ನು ಎಷ್ಟು ಸಲ ತೆಗೆದು ನೋಡಿದೆನೋ.

ಮುಂದೆ ನಮಗೆ ಸ್ವಂತ ಮನೆಯಾಯಿತು, ಅದೇ ಓಣಿಯಲ್ಲಿ. ತೊಂಬತ್ತರ ದಶಕದ ಕೊನೆಗೆ ಕಾಕು ಹಾಸಿಗೆ ಹಿಡಿದು, ಒಂದು ಚಳಿಗಾಲದಲ್ಲಿ ತೀರಿಹೋದರು. ನನ್ನ ಸ್ವಂತ ಅವ್ವ ಸತ್ತಾಗ ಹೋಗಲಾಗದ ನಾನು ಅವರಿಗಾಗಿ ಮನಸಾರೆ ಅತ್ತೆ.

ತೀರಿಕೊಳ್ಳುವ ಕೆಲ ದಿನ ಮೊದಲು ಅವರ ಕಾಲು ಒತ್ತುತ್ತ ಕುಳಿತಿದ್ದೆ. ಅವರಿಗೆ ಸುಳ್ಳು ಹೇಳಿದ್ದು ಇಷ್ಟು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು. "ಕಾಕು, ನಮ್ಮ ಲಗ್ನದ್ದೊಂದ ಮಾತ ನಿಮಗ ಹೇಳಿಲ್ರಿ," ಎಂದು ಶುರು ಮಾಡಿದೆ.

"ಜಾತಿ ಬ್ಯಾರೆ ಬ್ಯಾರೆ, ಓಡಿ ಬಂದೀರಿ. ಅದs ಹೌದಿಲ್ಲ? ನಿಮ್ಮ ಅತ್ತೀನs ಹೇಳ್ಯಾಳ, ಸೊಲ್ಲಾಪುರದಾಗ. ಭಾಳ ಬೈದಳ ನಿನ್ನ."

ಕಾಲು ಒತ್ತುವುದನ್ನು ಬಿಟ್ಟು ಅವರ ಮುಖದ ಹತ್ತಿರ ಬಾಗಿದೆ. "ಮತ್ತ ಆವತ್ತ ಬ್ಯಾಂಕಿನ್ಯಾಗ?"

"ಸಾಹೇಬ ಅದನ್ನ ಕೇಳಲಿಲ್ಲ, ನಾ ಹೇಳಲಿಲ್ಲ."

"ಕೇಳಿದ್ದರ?"

"ಕೇಳಿದ್ರ ಹೇಳಬೇಕಾಗತಿತ್ತ," ಎಂದು ಕಾಕು ಕಣ್ಣು ಮುಚ್ಚಿಕೊಂಡೇ ನಕ್ಕರು. "ಅದಕ್ಕs ಸಹಿ ಮಾಡಿ ಲಗೂನ ಎದ್ದ ಬಂದೆ."